ಗೋಡೆಯ ದನಿ

‘ಸೌಂಡ್ ಬೇಕಂದ್ರೆ ವ್ಯಾಟ್ಸ್ ಜಾಸ್ತಿ ಇರೋದು ತಗೊಳ್ರಿ’ ಎಂಬ ಮಾತು ಹೊಸಪೇಟೆಯ ಅಂಗಡಿಗಳಲ್ಲಷ್ಟೇ ಅಲ್ಲ, ಸಂಗೀತ ಬಲ್ಲವರ ಮನೆಗಳಲ್ಲೂ ಕೇಳಿಬರುತ್ತದೆ. ಕಮಲಾಪುರದ ನಿವೃತ್ತ ಮೇಷ್ಟ್ರೊಬ್ಬರು ಅದನ್ನು ನಂಬಿ ಮೊದಲು ಆಂಪ್ಲಿಫೈಯರ್ ಬದಲಿಸಿದರು, ಆಮೇಲೆ ಸ್ಪೀಕರ್ ಬದಲಿಸಿದರು. ಮಲ್ಲಿಕಾರ್ಜುನ ಮನ್ಸೂರರ ದನಿ ಮಾತ್ರ ಆಗಲೂ ಬಾವಿಯೊಳಗಿಂದ ಬಂದ ಹಾಗೇ ಕೇಳಿಸುತ್ತಿತ್ತು. ಅವರು ಮುಟ್ಟದೆ ಬಿಟ್ಟದ್ದು ಕೋಣೆಯನ್ನು. ಮನೆಯಲ್ಲಿ ನಾವು ಕೇಳುವ ಸಂಗೀತ ಹೇಗಿರಬೇಕೆಂದು ತೀರ್ಮಾನಿಸುವುದರಲ್ಲಿ ಗೋಡೆ, ನೆಲ, ತಾರಸಿಗಳದು ದೊಡ್ಡ ಪಾಲು. ಸ್ಪೀಕರನ್ನು ಒಂದೆರಡು ಅಡಿ ಜರುಗಿಸಿ ನೋಡದೆ ಹೊಸ ಯಂತ್ರಕ್ಕೆ ದುಡ್ಡು ಸುರಿಯುವುದು ತಪ್ಪು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಈ ಮಾತಿಗೆ ಸಾಕ್ಷಿ ಬೇಕಾದರೆ ನಮ್ಮ ಊರವರು ದೂರ ಹೋಗಬೇಕಿಲ್ಲ. ಹಂಪಿಯ ವಿಜಯ ವಿಠ್ಠಲ ದೇವಸ್ಥಾನಕ್ಕೆ ಬಂದವರೆಲ್ಲ ಕೇಳುವುದು ಸಂಗೀತ ಕಂಬಗಳನ್ನು. ಬಡಿದರೆ ಸ್ವರ ಬರುತ್ತದಂತೆ, ಒಳಗೆ ಟೊಳ್ಳಂತೆ, ಏನೋ ರಹಸ್ಯವಂತೆ. ಟೊಳ್ಳೂ ಇಲ್ಲ, ರಹಸ್ಯವೂ ಇಲ್ಲ. ಒಂದೇ ಕಲ್ಲಿನಲ್ಲಿ ಬಿಡಿಸಿದ ಸಣ್ಣ ಕಂಬಗಳು ಬಡಿದಾಗ ಬಳುಕಿ ಕಂಪಿಸುತ್ತವೆ. ಉದ್ದ ಮತ್ತು ದಪ್ಪಕ್ಕೆ ತಕ್ಕಂತೆ ಶ್ರುತಿ ಬೇರೆಯಾಗುತ್ತದೆ. ಲಕ್ಷಾಂತರ ಕೈಗಳು ಬಡಿದು ಸವೆಸಿದ ಮೇಲೆ ಈಗ ಮುಟ್ಟಲು ಬಿಡುವುದಿಲ್ಲ, ಅದು ಸರಿಯಾದದ್ದೇ. ನನಗೆ ಬೇಸರವಾಗುವುದು, ಕಂಬವನ್ನು ಹೊಗಳುವವರಾರೂ ಮಂಟಪವನ್ನು ಗಮನಿಸದಿರುವುದಕ್ಕೆ. ಆ ಮಂಟಪಕ್ಕೆ ಬದಿಗಳಲ್ಲಿ ಗೋಡೆ ಇಲ್ಲ. ಹುಟ್ಟಿದ ನಾದ ಕಂಬಗಳ ನಡುವೆ ಚದುರಿ ಬಯಲಿಗೆ ಹೋಗಿಬಿಡುತ್ತದೆ, ಹಿಂದಿನ ಸ್ವರ ಮುಂದಿನದರ ಮೇಲೆ ಬೀಳುವುದಿಲ್ಲ. ಅಲ್ಲಿಂದ ಹಜಾರ ರಾಮ ದೇವಸ್ಥಾನದ ಮುಚ್ಚಿದ ರಂಗಮಂಟಪಕ್ಕೆ ಬಂದು, ನಯಗೊಳಿಸಿದ ಆ ಕಪ್ಪು ಕಂಬಗಳ ನಡುವೆ ನಿಂತು ಮಾತಾಡಿ ನೋಡಿ. ಅದೂ ಕಲ್ಲೇ, ಆದರೆ ನಿಮ್ಮ ಮಾತು ಒಂದಷ್ಟು ಹೊತ್ತು ಅಲ್ಲೇ ನಿಲ್ಲುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಂತೂ ಹೇಳಿದ್ದೇ ಏಳೆಂಟು ಸಲ ಹಿಂತಿರುಗುತ್ತದೆ. ಎಲ್ಲ ಕಡೆಯೂ ಗಂಟಲು ಅದೇ, ಕಟ್ಟಡ ಬೇರೆ.

ಕಟ್ಟಡ ಶಬ್ದವನ್ನು ಹಿಡಿದಿಡುವ ಈ ಬಗೆಗೆ ಮೊತ್ತಮೊದಲು ಲೆಕ್ಕ ಹಾಕಿದವನು ಅಮೆರಿಕದ ವ್ಯಾಲೆಸ್ ಸಬೈನ್. ಹಾರ್ವರ್ಡ್‌ನ ಫಾಗ್ ಮ್ಯೂಸಿಯಂನ ಉಪನ್ಯಾಸದ ಹಾಲಿನಲ್ಲಿ ಒಂದು ಶಬ್ದ ಐದೂವರೆ ಸೆಕೆಂಡು ಉಳಿಯುತ್ತಿತ್ತು, ಪಾಠ ಯಾರಿಗೂ ಅರ್ಥವಾಗುತ್ತಿರಲಿಲ್ಲ. 1895ರಿಂದ ಅವನು ರಾತ್ರಿಯ ಹೊತ್ತು ಪಕ್ಕದ ನಾಟಕಶಾಲೆಯ ಮೆತ್ತೆಗಳನ್ನು ಹೊರಿಸಿ ತಂದು, ಒಂದು ಆರ್ಗನ್ ಕೊಳವೆಯನ್ನು ಊದಿಸಿ, ಶಬ್ದ ಅಡಗುವ ಹೊತ್ತನ್ನು ಅಳೆದ. ಶಬ್ದ ಹೀರುವಿಕೆಗೆ ಅವನು ಆರಿಸಿಕೊಂಡ ಅಳತೆಗೋಲು ತೆರೆದ ಕಿಟಕಿ. ಕಿಟಕಿಯಾಚೆ ಹೋದದ್ದು ಮರಳುವುದಿಲ್ಲವಲ್ಲ. ಆ ಅಳತೆಯಲ್ಲಿ ವಿಠ್ಠಲನ ಮಂಟಪದ ಬದಿಗಳೆಲ್ಲ ಕಿಟಕಿಯೇ.

ಈಗ ನಮ್ಮ ಮನೆಗೆ ಬನ್ನಿ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಆರ್‌ಸಿಸಿ ಕೋಣೆ. ಗೋಡೆಗೆ ಸಿಮೆಂಟು, ನೆಲಕ್ಕೆ ಟೈಲ್ಸ್ ಅಥವಾ ಗ್ರಾನೈಟ್. ಒಳಮೈ ಒಟ್ಟು 680 ಚದರ ಅಡಿ. ಇಂಥ ಗಟ್ಟಿ ಮೈ ತನ್ನ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಎರಡು–ಮೂರು ಪಾಲಷ್ಟೇ ಹೀರುತ್ತದೆ. ಅಂದರೆ ಖಾಲಿ ಕೋಣೆಯೆಲ್ಲ ಸೇರಿ 14ರಿಂದ 20 ಚದರ ಅಡಿ ಕಿಟಕಿಗೆ ಸಮ. ಮೂರಡಿಗೆ ನಾಲ್ಕಡಿಯ ಒಂದು ಕಿಟಕಿ ತೆರೆದರೆ ಒಮ್ಮೆಲೇ 12 ಚದರ ಅಡಿ ಸೇರುತ್ತದೆ! ಇಷ್ಟು ಕೆಲಸವನ್ನು ಯಾವ ಆಂಪ್ಲಿಫೈಯರೂ ಮಾಡಲಾರದು. ವ್ಯಾಟ್ ಹೆಚ್ಚಿಸಿದರೆ ಹಾಡಿನ ಜೊತೆಗೆ ಗೋಡೆಯ ದನಿಯೂ ಅಷ್ಟೇ ಹೆಚ್ಚುತ್ತದೆ. ಹಳೆಯ ಮೇಲ್ಮುದ್ದೆ ಮನೆಗಳ ಮಣ್ಣಿನ ಗೋಡೆ, ಜಂತೆ, ಗೂಡುಗಳು ಶಬ್ದವನ್ನು ಇಷ್ಟು ಕಾಡುತ್ತಿರಲಿಲ್ಲ.

ತಗ್ಗಿನ ಸ್ವರಗಳ ಕಥೆ ಬೇರೆ. ನಮ್ಮ ಸೆಕೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 349 ಮೀಟರ್ ಓಡುತ್ತದೆ. 10 ಅಡಿಯ ಎರಡು ಗೋಡೆಗಳ ನಡುವೆ 57 ಹರ್ಟ್ಸ್‌ನ ಆಸುಪಾಸಿನ ಅಲೆ ಸಿಕ್ಕಿಕೊಂಡು ನಿಲ್ಲುತ್ತದೆ. ಅಗಲವೂ ಎತ್ತರವೂ ಒಂದೇ ಆದರೆ ಎರಡು ಪಟ್ಟು ಪೀಡೆ. ಆ ಅಲೆ ಗೋಡೆಯ ಬುಡದಲ್ಲಿ ಗುಂಯ್ ಎನ್ನುತ್ತದೆ, ಕೋಣೆಯ ನಟ್ಟನಡುವೆ ಸತ್ತಿರುತ್ತದೆ. ಸ್ಪೀಕರನ್ನು ಮೂಲೆಗೆ ಒತ್ತಿದರೆ ಪಕ್ಕದ ಒಂದೊಂದು ಮೈಯೂ ತಗ್ಗಿನ ಸ್ವರಕ್ಕೆ 6 ಡೆಸಿಬಲ್‌ವರೆಗೆ ಸೇರಿಸಬಲ್ಲದು. ತಬಲಾದ ಡಗ್ಗ ಉಬ್ಬಿ, ತಂಬೂರಿ ಅದರಡಿ ಮುಚ್ಚಿಹೋಗುತ್ತದೆ. ಹಾಗಂತ ಮುಂದೆ ತಂದರೆ ಎಲ್ಲ ಸರಿಹೋಯಿತು ಎಂದಲ್ಲ. ಹಿಂಗೋಡೆಯಿಂದ 3 ಅಡಿ ದೂರವಿಟ್ಟರೆ ಗೋಡೆಗೆ ಬಡಿದು ಮರಳಿದ ಅಲೆ 95 ಹರ್ಟ್ಸ್‌ನ ಬಳಿ ನೇರ ಅಲೆಯನ್ನು ಕಡಿಯುತ್ತದೆ. ಅದಕ್ಕೇ ಹಿಂಗೋಡೆಯ ದೂರವನ್ನೂ ಪಕ್ಕದ ಗೋಡೆಯ ದೂರವನ್ನೂ ಒಂದೇ ಮಾಡಬಾರದು, ಕೇಳುವವರು ಕೋಣೆಯ ನಡುಮಧ್ಯೆ ಕೂರಬಾರದು.

ನಮ್ಮಲ್ಲಿ ನಡೆಯುವುದೇನು? ಒಂದು ಸ್ಪೀಕರ್ ಷೋಕೇಸಿನೊಳಗೆ, ಇನ್ನೊಂದು ಬೀರುವಿನ ಮೇಲೆ. ಇದು ಸ್ಟೀರಿಯೋ ಅಲ್ಲ, ಎರಡು ಕಡೆ ಹಾಕಿದ ರೇಡಿಯೋ. ಎರಡು ಸ್ಪೀಕರು, ಒಬ್ಬ ಕೇಳುಗ, ಮೂವರ ನಡುವಿನ ಅಂತರ ಹೆಚ್ಚುಕಮ್ಮಿ ಒಂದೇ ಇರಬೇಕು; ಮೇಲ್ಸ್ವರದ ಸಣ್ಣ ಸ್ಪೀಕರು ಕಿವಿಯ ಮಟ್ಟಕ್ಕಿರಬೇಕು. ಹೊರದೇಶದ ಸ್ಟ್ಯಾಂಡುಗಳ ಎತ್ತರ ಕುರ್ಚಿಯಲ್ಲಿ ಕೂರುವವರ ಲೆಕ್ಕದ್ದು. ಚಾಪೆಯ ಮೇಲೆ ಕೂತು ಕೇಳುವ ನಾವು ಅದನ್ನು ಇನ್ನೂ ಇಳಿಸಬೇಕೆಂದು ಯಾರೂ ಹೇಳುವುದಿಲ್ಲ.

ಕೋಣೆಯ ಪಾಲೇ ದೊಡ್ಡದು ಎಂಬ ನನ್ನ ಮಾತಿಗೆ ಬರುವ ಒಂದು ಆಕ್ಷೇಪ ತೂಕದ್ದು. ಮನುಷ್ಯನ ಕಿವಿ ಮೊದಲು ಬಂದ ಶಬ್ದವನ್ನು ಹಿಡಿದು, ಬೆನ್ನಲ್ಲೇ ಬರುವ ಮರುದನಿಯನ್ನು ಹಿಂದಕ್ಕೆ ತಳ್ಳುತ್ತದೆ. 1949ರಲ್ಲೇ ಇದನ್ನು ಪ್ರಯೋಗದಿಂದ ತೋರಿಸಿದ್ದಾರೆ. ಅಮ್ಮನ ದನಿಯನ್ನು ಅಡುಗೆಮನೆಯಲ್ಲೂ ಅಂಗಳದಲ್ಲೂ ಗುರುತು ಹಿಡಿಯುತ್ತೇವೆ, ಹಾಗಿದ್ದ ಮೇಲೆ ಕೋಣೆಗೇಕೆ ಇಷ್ಟು ಮಹತ್ವ? ಮೇಲಿನ ಸ್ವರಗಳ ಮಟ್ಟಿಗೆ ಒಪ್ಪುತ್ತೇನೆ, ಒಳ್ಳೆಯ ಸ್ಪೀಕರಿಗೆ ಅಲ್ಲಿ ಬೆಲೆ ಇದ್ದೇ ಇದೆ. ಆದರೆ ಇಂಥ ಬೋಳು ಕೋಣೆಯಲ್ಲಿ ಸುಮಾರು 300 ಹರ್ಟ್ಸ್‌ನ ಕೆಳಗೆ ಆಳ್ವಿಕೆ ಕೋಣೆಯದೇ. ಗಂಗೂಬಾಯಿ ಹಾನಗಲ್ಲರ ಕಂಠದ ಭಾರ, ಭೀಮಸೇನ ಜೋಶಿಯವರ ಮಂದ್ರ, ಮೃದಂಗದ ಎಡಭಾಗ ಇರುವುದು ಅಲ್ಲೇ. ಕಂಪ್ಯೂಟರ್ ತಿದ್ದುಪಡಿಯಿಂದ ಕೂತ ಒಂದು ಜಾಗದ ಉಬ್ಬನ್ನು ತಗ್ಗಿಸಬಹುದು, ನಿಜ. ಸತ್ತ ಸ್ವರವನ್ನು ಅದು ಎಬ್ಬಿಸಲಾರದು, ಕೋಣೆಯಲ್ಲಿ ಉಳಿದು ಮೊಳಗುವ ಅನುರಣನವನ್ನು ಅಳಿಸಲಾರದು. 

ಮೇಷ್ಟ್ರ ಮನೆಯಲ್ಲಿ ಮಾಡಿದ್ದು ಇಷ್ಟು. ಒಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಜರುಗಿಸಿದರು. ಕೂತವರಿಗೆ ಅದರಲ್ಲಿ ಸ್ಪೀಕರ್ ಕಂಡ ಕಡೆ ಗುರುತು ಹಾಕಿ, ಹಳೆ ಸೀರೆಗಳ ಕೌದಿಯನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗುಹಾಕಿದೆವು. ಆ ಸಂದು ಮುಖ್ಯ. ಗೋಡೆಗೆ ಅಂಟಿದ ಬಟ್ಟೆಯೊಳಗೆ ಗಾಳಿ ಓಡಾಡುವುದಿಲ್ಲ, ಓಡಾಡದೆ ಶಬ್ದ ಸವೆಯುವುದಿಲ್ಲ. ಸಂಡೂರಿನ ಲಂಬಾಣಿ ಕಸೂತಿ ಎಷ್ಟೇ ಚೆಂದವಿದ್ದರೂ ಒಂದೇ ಪದರದ ಬಟ್ಟೆಯಾದರೆ ಈ ಕೆಲಸಕ್ಕೆ ಸಾಲದು. ಕೌದಿಯಿಂದ ತಗ್ಗಿನ ಗುಂಗು ಹೋಗಲಿಲ್ಲ. ಅದನ್ನು ಇಳಿಸಿದ್ದು ಸ್ಪೀಕರನ್ನು ಮೂಲೆಯಿಂದ ಬಿಡಿಸಿದ್ದು. ಮನ್ಸೂರರ ಮಾತುಗಳು ಬಿಡಿಬಿಡಿಯಾಗಿ ಕೇಳತೊಡಗಿದವು, ಹಿಂದೆ ತಂಬೂರಿ ಎದ್ದು ಬಂತು.

ಕೋಣೆಯ ಬಗೆಗಿನ ಈ ಕಾಳಜಿ ಹವ್ಯಾಸಿಗಳ ಚಟವಾಗಿ ಉಳಿಯಬಾರದು. ಊರೂರಲ್ಲಿ ಎದ್ದ ಸಮುದಾಯ ಭವನ, ಕಲ್ಯಾಣಮಂಟಪಗಳಲ್ಲಿ ಮೈಕಿನ ಮಾತು ಹಿಂದಿನ ಸಾಲಿಗೆ ಬರೀ ಸದ್ದಾಗಿ ತಲುಪುತ್ತದೆ. ಆಗ ಎಲ್ಲರೂ ಕೂಗುವುದು ‘ವಾಲ್ಯೂಮ್ ಜಾಸ್ತಿ ಮಾಡ್ರಿ’ ಎಂದೇ. ಕಟ್ಟಡದ ಎಸ್ಟಿಮೇಟಿನಲ್ಲಿ ಟೈಲ್ಸಿಗೆ, ಬಣ್ಣಕ್ಕೆ, ಫ್ಯಾನಿಗೆ ಒಂದೊಂದು ಸಾಲಿರುತ್ತದೆ. ಶಬ್ದ ಹೀರುವ ಸೂರಿಗೂ ಗೋಡೆಗೂ ಒಂದು ಸಾಲು ಬರೆಯದ ಎಂಜಿನಿಯರನ್ನು ಊರವರು ಸಭೆಯಲ್ಲೇ ನಿಲ್ಲಿಸಿ ಕೇಳಬೇಕು.