ಗೃಹವ್ಯಾಸಂಗ: ಮಾಡಿ ಕಲಿಯತಕ್ಕ ವಿದ್ಯೆ

ಪಾಕಶಾಸ್ತ್ರದ ಪುಸ್ತಕವನ್ನು ಎಷ್ಟು ಸಲ ಓದಿದರೂ ಹೋಳಿಗೆ ತಟ್ಟುವ ಕೈ ಬಾರದೆಂಬುದನ್ನು ನಮ್ಮ ಗೃಹಿಣಿಯರಿಗೆ ಹೇಳಬೇಕಾದುದಿಲ್ಲ. ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳ ವಿಷಯವೂ ಹೀಗೆಯೇ. ಆದರೂ ದಪ್ಪ ಪುಸ್ತಕವೊಂದನ್ನು ಕೊನೆಯವರೆಗೆ ಓದಿ, ಜಾವಾ ಭಾಷೆ ತಮಗೆ ಬಂದಿತೆಂದು ನಂಬಿ, ಉದ್ಯೋಗದ ಪರೀಕ್ಷೆಯಲ್ಲಿ ಹತ್ತು ಸಾಲು ಬರೆಯಲಾರದೆ ಹಿಂದಿರುಗುವ ತರುಣ ತರುಣಿಯರುಂಟು. ಅಂಥವರಿಗಾಗಿಯೂ ಅವರ ಮನೆಯವರಿಗಾಗಿಯೂ ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ಜಾವಾ ಭಾಷೆಯು 1995ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿಯಿಂದ ಹೊರಬಂದಿತು. ಜೇಮ್ಸ್ ಗೋಸ್ಲಿಂಗ್ ಅದರ ಮುಖ್ಯ ಕರ್ತೃ. ಅದರ ಮೂಲತತ್ತ್ವವು ಇನ್ನೂ ಹಳೆಯದು. ನಾರ್ವೆ ದೇಶದ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ಎಂಬ ವಿದ್ವಾಂಸರು 1960ರ ದಶಕದಲ್ಲಿ ಸಿಮುಲಾ ಎಂಬ ಭಾಷೆಯಲ್ಲಿ ಅದನ್ನು ರೂಪಿಸಿದರು. ಇಲ್ಲಿ 'ಕ್ಲಾಸ್' ಎಂದರೆ ಸಂಕ್ರಾಂತಿಗೆ ಸಕ್ಕರೆಪಾಕವನ್ನು ಹೊಯ್ಯುವ ಅಚ್ಚಿನಂತೆ; 'ಆಬ್ಜೆಕ್ಟ್' ಎಂದರೆ ಅದರಿಂದ ಹೊರಬಂದ ಒಂದೊಂದು ಗೊಂಬೆಯಂತೆ. ಅಚ್ಚು ಒಂದೇ, ಗೊಂಬೆಗಳು ಬೇರೆ ಬೇರೆ.

ಇಷ್ಟನ್ನು ಓದಿದವನು ತನಗೆಲ್ಲವೂ ತಿಳಿಯಿತೆಂದುಕೊಳ್ಳುವನು. ಆಗ ಅವನಿಗೆ ಈ ಅಭ್ಯಾಸವನ್ನು ಕೊಡಿರಿ. 'ಖಾತೆ' ಎಂಬ ಕ್ಲಾಸನ್ನು ಅವನು ಬರೆಯಲಿ. ಹಣ ಕಟ್ಟುವುದು, ತೆಗೆಯುವುದು, ಉಳಿದುದನ್ನು ಹೇಳುವುದು ಎಂಬ ಮೂರು ಕೆಲಸಗಳು ಅದರಲ್ಲಿರಲಿ. ಅದರಿಂದ 'ಕ' ಎಂಬ ಖಾತೆಯನ್ನು ಮಾಡಿ 500 ರೂಪಾಯಿ ಕಟ್ಟಲಿ. ಬಳಿಕ 'ಖ = ಕ' ಎಂದು ಬರೆದು, 'ಖ' ಎಂಬುದರಿಂದ 200 ರೂಪಾಯಿ ತೆಗೆಯಲಿ. ಈಗ 'ಕ' ಖಾತೆಯಲ್ಲಿ ಉಳಿದುದೆಷ್ಟು? ಹೊಸಬರು 500 ಎನ್ನುವುದುಂಟು. ಯಂತ್ರವು 300 ಎನ್ನುವುದು. ಸಮಚಿಹ್ನೆಯಿಂದ ಎರಡನೆಯ ಖಾತೆ ಹುಟ್ಟಲಿಲ್ಲ; ಇದ್ದ ಖಾತೆಗೇ ಮತ್ತೊಂದು ಹೆಸರು ಬಂದಿತು, ಅಷ್ಟೆ. ಮನೆಯ ಯಜಮಾನರನ್ನು ತಾಯಿ 'ಮಗು' ಎಂದರೂ ತಂಗಿ 'ಅಣ್ಣ' ಎಂದರೂ ಊಟಕ್ಕೆ ಹಾಕುವ ಎಲೆ ಒಂದೇ ಅಲ್ಲವೆ! ಬೇರೆ ಖಾತೆಯೇ ಬೇಕಾದರೆ 'ನ್ಯೂ' ಎಂಬ ಮಾತನ್ನು ಬಳಸಿ ಅಚ್ಚಿನಿಂದ ಹೊಸದನ್ನು ತೆಗೆಯಬೇಕು.

ಈ ಅಭ್ಯಾಸಗಳಲ್ಲಿ ಒಂದು ನಿಯಮವನ್ನು ತಪ್ಪಬಾರದು. ಯಂತ್ರವನ್ನು ನಡೆಸುವ ಮುನ್ನ ತನ್ನ ಉತ್ತರವನ್ನು ಕಾಗದದ ಮೇಲೆ ಬರೆದಿಡತಕ್ಕದ್ದು. ತಾನು ಬರೆದ 500 ಕಣ್ಣೆದುರಿಗಿರುವಾಗ 300 ಬಂದರೆ 'ಏಕೆ?' ಎಂಬ ಪ್ರಶ್ನೆ ತಾನಾಗಿ ಏಳುವುದು. ಆ ಪ್ರಶ್ನೆಯೇ ಗುರು. ಬರೆದಿಡದವನು 'ನಾನೂ ಹಾಗೆಯೇ ಎಣಿಸಿದ್ದೆನು' ಎಂದು ತನ್ನನ್ನೇ ವಂಚಿಸಿಕೊಂಡು ಮುಂದೆ ಸಾಗುವನು. ಕೇಳಿದ ಕ್ಷಣದಲ್ಲಿ ಸಿದ್ಧ ಉತ್ತರವನ್ನು ಕೊಡುವ ಸಾಧನಗಳು ಈಗ ಕೈಯಲ್ಲಿಯೇ ಇರುವುದರಿಂದ ಈ ಎಚ್ಚರವು ಹಿಂದಿಗಿಂತಲೂ ಆವಶ್ಯಕ.

ಮರುದಿನ ಅದೇ ಖಾತೆಯು, ಇರುವುದಕ್ಕಿಂತ ಹೆಚ್ಚು ಹಣ ಕೇಳಿದರೆ ನಿರಾಕರಿಸುವಂತೆ ಮಾಡಲಿ. ಅದರ ಮರುದಿನ ಬಡ್ಡಿ ಕೂಡಿಸಲಿ. ದಿನಕ್ಕೊಂದು ಅಭ್ಯಾಸ ಸಾಕು. ತೆರೆಯ ಮೇಲೆ ತಪ್ಪುಗಳ ಸಾಲು ಕಂಡಾಗ ಮನೆಯ ಹಿರಿಯರು 'ಇವಳಿಗೆ ಇದು ಬಾರದು' ಎಂದು ನುಡಿಯದಿರಲಿ. ಮಗಳು ಆ ಸಾಲುಗಳನ್ನು ಒಂದೊಂದಾಗಿ ಓದಿ ತಿದ್ದುತ್ತಿರುವಳಾದರೆ, ವಿದ್ಯೆ ಅವಳ ಕೈಗೆ ಹತ್ತುತ್ತಿದೆಯೆಂದೇ ತಿಳಿಯಬೇಕು.