ತೆರೆಯ ಮೇಲಿನ ಎರೆಮಣ್ಣು

ಎರೆಮಣ್ಣಿನ ಸ್ವಭಾವವನ್ನು ಗುಡಗೇರಿಯ ರೈತನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮಳೆ ಬಿದ್ದಾಗ ಅದು ಉಬ್ಬಿ ಕಾಲನ್ನು ಕಚ್ಚಿ ಹಿಡಿಯುತ್ತದೆ. ಬೇಸಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಉಪಾಯವರಿಯದೆ ಅದರ ಮೇಲೆ ಎಬ್ಬಿಸಿದ ಗೋಡೆಯೂ ಅದರೊಡನೆ ಬಿರಿಯುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ಮನೆ, ರಸ್ತೆ, ಸೇತುವೆಗಳನ್ನು ಕಟ್ಟಬಯಸುವ ಎಂಜಿನಿಯರನು ಎಲ್ಲಕ್ಕೂ ಮೊದಲು ಈ ಮಣ್ಣನ್ನು ಬಲ್ಲವನಾಗಬೇಕು. ಆತ ಅದನ್ನು ಕಲಿಯುವುದೆಲ್ಲಿ? ಹೊಲ ಒಂದು, ಪ್ರಯೋಗಶಾಲೆ ಮತ್ತೊಂದು. ಈಗ ಮೂರನೆಯ ಸ್ಥಳವೂ ಹುಟ್ಟಿಕೊಂಡಿದೆ: ಗಣಕಯಂತ್ರದ ತೆರೆ.

ಇದಕ್ಕೆ ‘ವರ್ಚುವಲ್ ಲ್ಯಾಬ್’ ಎಂದು ಹೆಸರು. ಮಾಯಾ ಪ್ರಯೋಗಶಾಲೆ ಎನ್ನೋಣವೆಂದರೆ ಮಾಯೆಗೆ ಮೋಸವೆಂಬ ಅರ್ಥವೂ ಅಂಟಿಕೊಂಡಿದೆ. ಛಾಯಾ ಪ್ರಯೋಗಶಾಲೆ ಎಂದರೆ ನ್ಯಾಯವಾದೀತು. ನೆರಳು ಸುಳ್ಳಲ್ಲ, ಆದರೆ ಅದೇ ಮರವೂ ಅಲ್ಲ. ಕೇಂದ್ರ ಸರಕಾರವು 2009ರಲ್ಲಿ ಕೈಗೊಂಡ ಶಿಕ್ಷಣ ಯೋಜನೆಯೊಂದರ ಅಂಗವಾಗಿ ದಿಲ್ಲಿಯ ಐ.ಐ.ಟಿ.ಯ ಮುಂದಾಳುತನದಲ್ಲಿ ಇಂಥ ಪ್ರಯೋಗಶಾಲೆಗಳು ರೂಪುಗೊಂಡವು. ನಮ್ಮ ಸುರತ್ಕಲ್ಲಿನ ಎನ್.ಐ.ಟಿ.ಕೆ.ಯೂ ಈ ಕಾರ್ಯದ ಪಾಲುದಾರ ಸಂಸ್ಥೆ. ಕಾಸು ಕೊಡದೆ ಯಾರು ಬೇಕಾದರೂ ಅಂತರ್ಜಾಲದಲ್ಲಿ ಈ ಪ್ರಯೋಗಗಳನ್ನು ಮಾಡಬಹುದು. ಉದ್ದೇಶ, ಸಿದ್ಧಾಂತ, ಕೆಲವು ಪೂರ್ವಪ್ರಶ್ನೆಗಳು, ವಿಧಾನ, ತೆರೆಯ ಮೇಲಿನ ಪ್ರಯೋಗ, ಕಡೆಯಲ್ಲಿ ಮತ್ತೊಮ್ಮೆ ಪ್ರಶ್ನೆಗಳು – ಹೀಗೆ ಒಂದು ಕ್ರಮವುಂಟು. ಹಲವು ಪ್ರಯೋಗಗಳು ಕೇವಲ ಲೆಕ್ಕಾಚಾರದಿಂದ ರಚಿಸಿದ ಅನುಕರಣಗಳು. ಇನ್ನು ಕೆಲವದರಲ್ಲಿ ದೂರದೂರಿನ ನಿಜವಾದ ಉಪಕರಣವನ್ನೇ ಇಲ್ಲಿಂದ ನಡೆಸಬಹುದು. 2020ರಲ್ಲಿ ಕೊರೋನಾ ಹಾವಳಿಗೆ ಕಾಲೇಜುಗಳು ಮುಚ್ಚಿದಾಗ ಈ ನೆರಳೇ ಅನೇಕರಿಗೆ ಆಸರೆಯಾಯಿತು.

ಇದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಕಾಲೇಜಿನಲ್ಲಿ ಒಂದು ಯಂತ್ರದ ಸುತ್ತ ಐದಾರು ಹುಡುಗರು ನಿಲ್ಲುವರು. ಒಬ್ಬ ಹಿಡಿಕೆ ತಿರುಗಿಸುವನು, ಒಬ್ಬ ಬರೆದುಕೊಳ್ಳುವನು, ಉಳಿದವರು ಬರೆದವನನ್ನು ನೋಡಿ ಬರೆಯುವರು. ದಿನವೂ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿಬರುವ ಗುಡಗೇರಿಯ ವಿದ್ಯಾರ್ಥಿಯೊಬ್ಬನನ್ನು ಕೇಳಿದಾಗ ಆತ ನಕ್ಕು ಹೇಳಿದ: “ಕಂಪ್ಯೂಟರಿನ್ಯಾಗ ಎಷ್ಟು ಸಲ ತಪ್ಪಿದ್ರೂ ಯಾರೂ ಬೈಯೂದಿಲ್ರೀ ಸರ್. ಗುಂಡಿ ಒತ್ತಿದ್ರ ಮತ್ತ ಮೊದಲಿಂದ ಸುರು. ಆದ್ರ ಕೈಗೇನೂ ಹತ್ತೂದಿಲ್ರೀ.” ಈ ಕೊನೆಯ ಮಾತಿನಲ್ಲಿ ವಿಷಯದ ತಿರುಳೆಲ್ಲ ಇದೆ.

ಒಂದು ಉದಾಹರಣೆಯನ್ನು ನೋಡಿರಿ. ಮಣ್ಣಿನ ‘ದ್ರವಮಿತಿ’ಯನ್ನು ಅಳೆಯುವ ಪರೀಕ್ಷೆಯೊಂದುಂಟು. ಕಲಸಿದ ಮಣ್ಣನ್ನು ಹಿತ್ತಾಳೆಯ ಬಟ್ಟಲಲ್ಲಿ ಹರವಿ, ನಡುವೆ ಸೀಳೊಂದನ್ನು ಕೊರೆದು ಹಿಡಿಕೆ ತಿರುಗಿಸಿದರೆ ಬಟ್ಟಲು 1 ಸೆಂಟಿಮೀಟರ್ ಎತ್ತರದಿಂದ ಮೇಲಿಂದ ಮೇಲೆ ಬೀಳುತ್ತದೆ. 25 ಬಡಿತಗಳಿಗೆ ಸೀಳು ಕೂಡಿಕೊಳ್ಳುವಂತಿದ್ದರೆ, ಆಗ ಮಣ್ಣಿನಲ್ಲಿರುವ ನೀರಿನ ಪ್ರಮಾಣವೇ ಅದರ ದ್ರವಮಿತಿ. ಎರೆಮಣ್ಣಿನಲ್ಲಿ ಇದು ಒಣಮಣ್ಣಿನ ತೂಕದ ಶೇಕಡಾ 50ನ್ನು ಮೀರುವುದು ಸಾಮಾನ್ಯ. ಅಂಥ ಮಣ್ಣನ್ನು ಕಂಡೊಡನೆ ತಳಪಾಯದ ಬಗೆಗೆ ಎಂಜಿನಿಯರನು ಎಚ್ಚರಗೊಳ್ಳಬೇಕು.

ತೆರೆಯ ಮೇಲೆ ಇದು ಕೆಲವೇ ನಿಮಿಷಗಳ ಕೆಲಸ. ನೀರು ಹಾಕಿದೊಡನೆ ಮಣ್ಣು ವಿಧೇಯವಾಗಿ ಕಲಸಿಕೊಳ್ಳುತ್ತದೆ. ನಿಜವಾದ ಎರೆಮಣ್ಣು ಅಷ್ಟು ಸೌಮ್ಯವಲ್ಲ. ಅದು ನೀರನ್ನು ನಿಧಾನವಾಗಿ ಹೀರುತ್ತದೆ, ಗಂಟುಗಟ್ಟುತ್ತದೆ, ಕಲಸಿದ ಮೇಲೂ ಬಹಳ ಹೊತ್ತು ನೆನೆಯಲು ಬಿಡದಿದ್ದರೆ ತಪ್ಪು ಲೆಕ್ಕ ಕೊಡುತ್ತದೆ. ಆ ತಪ್ಪು ಲೆಕ್ಕ ಬಂದಾಗ ‘ಏಕೆ ಹೀಗಾಯಿತು’ ಎಂದು ಹುಡುಗನು ತಲೆ ಕೆರೆದುಕೊಳ್ಳುತ್ತಾನಲ್ಲ, ವಿದ್ಯೆ ಹುಟ್ಟುವುದು ಆ ಗಳಿಗೆಯಲ್ಲಿ.

ಗುಡಗೇರಿಯಿಂದ ರೈಲು ಹಿಡಿದು ಸಂಶಿಯನ್ನು ದಾಟಿದರೆ ಕುಂದಗೋಳ. ಈ ಮಾತಿಗೆ ಅಲ್ಲಿಯೇ ಒಂದು ದೃಷ್ಟಾಂತವಿದೆ. ಬಾಲಕ ಭೀಮಸೇನ ಜೋಶಿ ಅಬ್ದುಲ್ ಕರೀಮ್ ಖಾನರ ಗ್ರಾಮಫೋನ್ ತಟ್ಟೆಯನ್ನು ಕೇಳಿ ಮರುಳಾಗಿ, 1933ರಲ್ಲಿ ಗುರುವನ್ನರಸುತ್ತ ಮನೆ ಬಿಟ್ಟ. ಅಲೆದಲೆದು ಕಡೆಗೆ ಖಾನರ ಶಿಷ್ಯರೇ ಆದ ಸವಾಯಿ ಗಂಧರ್ವರ ಮನೆಯನ್ನು ಸೇರಿದ. ಹಸಿವನ್ನು ಕೆರಳಿಸಿದ್ದು ತಟ್ಟೆ. ಅದನ್ನು ಎಷ್ಟು ಸಲ ಬೇಕಾದರೂ ಕೇಳಬಹುದಾಗಿತ್ತು. ಆದರೆ ಸ್ವರ ತಪ್ಪಿದಾಗ ‘ತಪ್ಪಿದೆ’ ಎಂದು ತಟ್ಟೆ ಹೇಳಲಾರದು. ಅದನ್ನು ಹೇಳಲು ಗುರುವಿನ ಕಿವಿ ಬೇಕು. ಛಾಯಾ ಪ್ರಯೋಗಶಾಲೆ ತಟ್ಟೆಯಿದ್ದಂತೆ. ಎಂಜಿನಿಯರಿಂಗಿನಲ್ಲಿ ಗುರುವಿನ ಕಿವಿ ಎಂದರೆ ಮಣ್ಣು, ಉಕ್ಕು, ತಂತಿಗಳೇ.

ಆದಕಾರಣ ತೆರೆಯ ಸ್ಥಾನ ಯಂತ್ರದ ಹಿಂದೆ ಮುಂದೆ ಇರಲಿ, ಯಂತ್ರದ ಬದಲಿಗೆ ಬೇಡ. ನಾಳೆ ಮಾಡಬೇಕಾದ ಪ್ರಯೋಗವನ್ನು ಇಂದಿನ ರಾತ್ರಿ ತೆರೆಯ ಮೇಲೆ ಮಾಡಿ ಬಂದ ಹುಡುಗನು ಯಂತ್ರದ ಮುಂದೆ ಕಕ್ಕಾಬಿಕ್ಕಿಯಾಗಿ ನಿಲ್ಲುವುದಿಲ್ಲ. ಅವನ ಎರಡು ಗಂಟೆ ಪೂರ್ತಿ ಕೈಕೆಲಸಕ್ಕೆ ಉಳಿಯುತ್ತದೆ. ಆದರೆ ಕೆಟ್ಟ ಯಂತ್ರವನ್ನು ದುರಸ್ತಿ ಮಾಡಿಸದಿರಲು, ಬೋಧಕರನ್ನು ನೇಮಿಸದಿರಲು ಇದೇ ನೆವವಾದರೆ ನಷ್ಟ ಯಾರಿಗೆ? ಅನುಕೂಲಸ್ಥರ ಮಗ ಬೇರೆಡೆಗೆ ಹೋಗಿ ಯಂತ್ರವನ್ನು ಮುಟ್ಟಿಯಾನು. ಎರಡೆಕರೆ ಹೊಲದ ಮೇಲೆ ಸಾಲ ತೆಗೆದು ಓದಿಸುವವರ ಮಗನಿಗೆ ಕಾಲೇಜಿನ ಯಂತ್ರವೊಂದೇ ಗತಿ.

ಮಗನನ್ನೋ ಮಗಳನ್ನೋ ಎಂಜಿನಿಯರಿಂಗಿಗೆ ಸೇರಿಸುವ ತಂದೆತಾಯಂದಿರು ಕಾಲೇಜಿನಲ್ಲಿ ಎಷ್ಟು ಕಂಪ್ಯೂಟರುಗಳಿವೆ ಎಂದು ವಿಚಾರಿಸುವುದುಂಟು. ಕೇಳಲಿ, ತಪ್ಪಿಲ್ಲ. ಅದರೊಡನೆ, ವಾರದಲ್ಲಿ ಎಷ್ಟು ಗಂಟೆ ನಮ್ಮ ಮಕ್ಕಳ ಕೈ ಮಣ್ಣಾಗುತ್ತದೆ ಎಂದೂ ಕೇಳಲಿ. ತೆರೆಯ ಮೇಲಿನ ತಪ್ಪನ್ನು ಗುಂಡಿ ಒತ್ತಿ ಅಳಿಸಬಹುದು. ಬಿರಿದ ಗೋಡೆಯ ಮನೆಯೊಳಗೆ ಬಾಳಬೇಕಾದವರಿಗೆ ಅಂಥ ಗುಂಡಿಯಿಲ್ಲ.