ಎಮ್ಮೆಯ ಹಾಲೂ ಮುಖದ ಮೊಡವೆಯೂ

ಶ್ರೀಕೃಷ್ಣ ಪಾರಿಜಾತದ ಆಟವನ್ನು ಬಲ್ಲವರಿಗೆ ಕುಲಗೋಡ ತಮ್ಮಣ್ಣನ ಹೆಸರನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆತನ ಊರಾದ ಕುಲಗೋಡ ಹಿಂದೆ ಗೋಕಾಕ ತಾಲ್ಲೂಕಿನಲ್ಲಿದ್ದು ಈಗ ಮೂಡಲಗಿ ತಾಲ್ಲೂಕಿಗೆ ಸೇರಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಈ ಸೀಮೆ ಘಟಪ್ರಭೆಯ ನೀರುಂಡು ಕಬ್ಬು ಬೆಳೆಯುವ ನಾಡು. ಕಬ್ಬಿನ ತುದಿಯ ಹಸಿರು ಗರಿಯನ್ನು ಮೆಯ್ದು ಗಟ್ಟಿ ಹಾಲು ಕೊಡುವ ಎಮ್ಮೆ ಇಲ್ಲಿಯ ಒಕ್ಕಲುಮನೆಯ ನೆಚ್ಚಿನ ಆಸ್ತಿ. ಇಂಥ ನಾಡಿನಲ್ಲಿ ಹಾಲಿಗೆ ಹಗೆಗಳಿರಲಾರರೆಂದು ಯಾರಾದರೂ ಭಾವಿಸಿಯಾರು. ಆದರೆ ಹೈಸ್ಕೂಲು ಮುಗಿಸಿ ಕಾಲೇಜಿನ ಮೆಟ್ಟಿಲೇರುವ ಹುಡುಗ ಹುಡುಗಿಯರ ನಡುವೆ ಒಂದು ಮಾತು ಬಲವಾಗಿ ಬೇರೂರಿದೆ: ಎಮ್ಮೆಯ ಹಾಲು ಕುಡಿದರೆ ಮುಖದಲ್ಲಿ ಮೊಡವೆ ಏಳುತ್ತವೆ, ಹೊಟ್ಟೆ ಜಡವಾಗುತ್ತದೆ, ಕುಡಿಯಲೇಬೇಕಾದರೆ ಆಕಳ ಹಾಲನ್ನೋ ಪೊಟ್ಟಣದ ತೆಳು ಹಾಲನ್ನೋ ಕುಡಿಯಬೇಕು, ಎಲ್ಲಕ್ಕೂ ಮೇಲು, ಬಿಟ್ಟೇಬಿಡುವುದು.

ಈ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ಅದರಲ್ಲಿ ಒಂದು ಪಾಲು ನಿಜವಿದ್ದೀತೆಂದು ವಿಜ್ಞಾನಿಗಳೇ ಶಂಕಿಸಿದ್ದಾರೆ. ನಮ್ಮ ಆಕ್ಷೇಪವಿರುವುದು ಬೇರೆಡೆ. ಸಂದೇಹ ಬಿದ್ದಿರುವುದು ಹಾಲಿನ ಒಂದು ಅಂಶದ ಮೇಲಾದರೆ, ನಮ್ಮ ತರುಣರು ಶಿಕ್ಷೆ ವಿಧಿಸುತ್ತಿರುವುದು ಇನ್ನೊಂದಕ್ಕೆ. ಆ ತಪ್ಪು ತೀರ್ಪಿನಿಂದ ನಷ್ಟಪಡುವುದು ಅವರ ಎಲುಬು.

ಮೊದಲು ಮೊಡವೆಯ ವಿಚಾರ. ಚರ್ಮದಲ್ಲಿ ಪ್ರತಿಯೊಂದು ರೋಮಕೂಪದ ಬದಿಯಲ್ಲಿ ಜಿಡ್ಡನ್ನು ಸ್ರವಿಸುವ ಪುಟ್ಟ ಗ್ರಂಥಿಯೊಂದಿರುತ್ತದೆ. ಹರೆಯ ಬಂದೊಡನೆ ಆಂಡ್ರೊಜನ್ ಎಂಬ ಹಾರ್ಮೋನುಗಳು ಗಂಡು ಹೆಣ್ಣೆನ್ನದೆ ಎಲ್ಲರಲ್ಲಿಯೂ ಹೆಚ್ಚಿ, ಈ ಗ್ರಂಥಿಗಳನ್ನು ಚುರುಕುಗೊಳಿಸುತ್ತವೆ. ಜಿಡ್ಡು ಹೆಚ್ಚಾಗಿ, ಸತ್ತ ಜೀವಕೋಶಗಳು ಕೂಪದ ಬಾಯನ್ನು ಮುಚ್ಚಿ, ಒಳಗೆ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಸೂಕ್ಷ್ಮಾಣು ವೃದ್ಧಿಗೊಂಡು ಉರಿಯೂತವುಂಟಾದರೆ ಅದೇ ಮೊಡವೆ. ಎಮ್ಮೆಯ ಹಾಲಿನ ಕೆನೆ ಹೊಟ್ಟೆಯಿಂದ ನೇರವಾಗಿ ಕೆನ್ನೆಗೆ ಏರಿ ಜಿಡ್ಡಾಗಿ ಹೊರಬರುವುದಿಲ್ಲ. ಹಾಗೆಂದು ನಂಬುವವರು ಬಹುಮಂದಿಯಿರುವುದರಿಂದ ಇದನ್ನು ಬಿಡಿಸಿ ಹೇಳಬೇಕಾಯಿತು.

ಹಾಗಾದರೆ ಹಾಲಿನ ಮೇಲೆ ಸಂದೇಹ ಬಂದುದು ಎಲ್ಲಿಂದ? 2005ರಲ್ಲಿ ಅಮೆರಿಕದಲ್ಲಿ 47,355 ಮಂದಿ ದಾದಿಯರ ಉತ್ತರಗಳನ್ನು ಪರಿಶೀಲಿಸಲಾಯಿತು. ಹೈಸ್ಕೂಲಿನ ದಿನಗಳಲ್ಲಿ ಏನೇನು ತಿನ್ನುತ್ತಿದ್ದಿರಿ, ಆಗ ವೈದ್ಯರು ಗುರುತಿಸಿದ ತೀವ್ರ ಮೊಡವೆಗಳಿದ್ದವೇ ಎಂಬುದು ಪ್ರಶ್ನೆ. ಹೆಚ್ಚು ಹಾಲು ಕುಡಿಯುತ್ತಿದ್ದವರಲ್ಲಿ ಮೊಡವೆಯ ಪ್ರಮಾಣ ತುಸು ಹೆಚ್ಚಾಗಿ ಕಂಡಿತು. ವಿಶೇಷವೇನೆಂದರೆ ಈ ಸಂಬಂಧ ಎಲ್ಲಕ್ಕಿಂತ ಎದ್ದು ಕಂಡದ್ದು ಕೆನೆ ತೆಗೆದ ಹಾಲಿನಲ್ಲಿ. ದಶಕಗಳ ಹಿಂದೆ ಕುಡಿದ ಹಾಲನ್ನು ನೆನಪಿನಿಂದ ಅಳೆಯುವುದೆಂದರೆ ಅದು ಎಂಥ ಅಳತೆಯೆಂದು ಓದುಗರು ನಗಬಹುದು. ಆ ಸಂಶೋಧಕರಿಗೂ ಇದರ ಅರಿವಿತ್ತು. ಆದ್ದರಿಂದ ಅವರು ಅಂಥ ದಾದಿಯರ ಮಕ್ಕಳನ್ನೇ ವರ್ಷಗಳ ಕಾಲ ಅನುಸರಿಸಿ, 2006ರಲ್ಲಿ ಆರು ಸಾವಿರಕ್ಕೂ ಹೆಚ್ಚು ಹುಡುಗಿಯರ, 2008ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹುಡುಗರ ಫಲಿತಾಂಶವನ್ನು ಪ್ರಕಟಿಸಿದರು. ಅಲ್ಲಿಯೂ ಸಂಬಂಧ ಕಂಡಿತು, ಆದರೆ ಸಣ್ಣದಾಗಿ. 2018ರಲ್ಲಿ ಡೆನ್ಮಾರ್ಕಿನ ಸಂಶೋಧಕರು 14 ಅಧ್ಯಯನಗಳನ್ನು, ಅಂದರೆ 78,529 ಮಕ್ಕಳ ಮತ್ತು ತರುಣರ ಲೆಕ್ಕವನ್ನು ಒಟ್ಟುಗೂಡಿಸಿದರು. ಹಾಲು ಕುಡಿಯದವರ ಮೊಡವೆಯ ಸಂಭವವನ್ನು 1 ಎಂದಿಟ್ಟುಕೊಂಡರೆ, ಕುಡಿಯುವವರದು 1.28, ಕೆನೆಸಹಿತ ಹಾಲಿನವರದು 1.22, ಕೆನೆ ತೆಗೆದ ಅಥವಾ ಕಡಿಮೆ ಕೊಬ್ಬಿನ ಹಾಲಿನವರದು 1.32. ಅಧ್ಯಯನಗಳು ಪರಸ್ಪರ ಹೊಂದುವುದಿಲ್ಲ, ಫಲಿತಾಂಶವನ್ನು ಎಚ್ಚರದಿಂದ ಓದಿರಿ ಎಂದು ಅವರೇ ಹೇಳಿದ್ದಾರೆ.

1.22ಕ್ಕೂ 1.32ಕ್ಕೂ ನಡುವಣ ಅಂತರ ಅಲ್ಪ. ಅದನ್ನು ಹಿಡಿದು ಕೆನೆಹಾಲಿಗೆ ಜಯಘೋಷ ಮಾಡುವುದು ತರವಲ್ಲ. ಮೊಡವೆಯಾದ ಹುಡುಗಿ ಅಂಜಿ ಕೆನೆಯನ್ನು ಬಿಟ್ಟು ತೆಳು ಹಾಲಿಗೆ ಹೋಗಿರಲೂಬಹುದು. ಆಗ ಕಾರಣ ಯಾವುದು, ಕಾರ್ಯ ಯಾವುದು ಎಂಬುದು ತಲೆಕೆಳಗಾಗುತ್ತದೆ. ಆದರೂ ಒಂದು ಸಂಗತಿ ಸ್ಪಷ್ಟ: ದೋಷವೆಲ್ಲ ಕೆನೆಯದೆಂಬ ನಮ್ಮ ಹಳ್ಳಿಯ ಆರೋಪಕ್ಕೆ ಈ ಅಂಕೆಗಳಿಂದ ಬೆಂಬಲ ಸಿಗುವುದಿಲ್ಲ. ವಿಜ್ಞಾನಿಗಳ ಸಂದೇಹ ಹೆಚ್ಚಾಗಿ ತಿರುಗಿರುವುದು ಹಾಲಿನ ಪ್ರೋಟೀನುಗಳ ಕಡೆಗೆ. ಹಾಲು ಕರುವನ್ನು ಬೆಳೆಸುವುದಕ್ಕಾಗಿ ನಿಸರ್ಗ ಒದಗಿಸಿದ ದ್ರವ. ಅದರ ಹಾಲೊಡಕಿನ ಪ್ರೋಟೀನುಗಳು ರಕ್ತದಲ್ಲಿ ಇನ್ಸುಲಿನ್ನನ್ನೂ, ಕೇಸೀನು ಐ.ಜಿ.ಎಫ್.-1 ಎಂಬ ಬೆಳವಣಿಗೆಯ ಅಂಶವನ್ನೂ ಏರಿಸುತ್ತವೆ. ಜಿಡ್ಡಿನ ಗ್ರಂಥಿಗಳಿಗೆ ಇವೆರಡೂ ಪ್ರಚೋದಕಗಳು. ಗರಡಿಮನೆಯ ಹಾಲು ಬಾದಾಮಿಗಳನ್ನು ಬಿಟ್ಟು ಡಬ್ಬಿಯ ಹಾಲೊಡಕು ಪುಡಿಗೆ ಮಾರುಹೋದ ತರುಣರಲ್ಲಿ ಮೊಡವೆಗಳು ಉಲ್ಬಣಿಸಿದ ಪ್ರಸಂಗಗಳನ್ನು ಚರ್ಮವೈದ್ಯರು ವರದಿ ಮಾಡಿದ್ದಾರೆ. ಬೆಳಗಾವಿ ಸೀಮೆಯ ಪೈಲವಾನರು ಇದನ್ನು ಗಮನಿಸುವುದು ಒಳ್ಳೆಯದು.

ಹೀಗಿರುವಲ್ಲಿ ಎಮ್ಮೆಯ ಹಾಲನ್ನು ಬಿಟ್ಟು ಟೋನ್ಡ್ ಹಾಲಿಗೆ ಹೋಗುವುದರ ಅರ್ಥವೇನು? ಈ ಟೋನ್ಡ್ ಹಾಲು 1940ರ ದಶಕದಲ್ಲಿ ಮುಂಬಯಿಯಲ್ಲಿ ಡಿ. ಎನ್. ಖುರೋಡಿಯವರು ರೂಪಿಸಿದ ಉಪಾಯ. ಗಟ್ಟಿಯಾದ ಎಮ್ಮೆಯ ಹಾಲಿಗೆ ನೀರನ್ನೂ ಕೆನೆ ತೆಗೆದ ಹಾಲಿನ ಪುಡಿಯನ್ನೂ ಬೆರೆಸಿ, ಅದೇ ಹಾಲು ಹೆಚ್ಚು ಬಡ ಮಕ್ಕಳಿಗೆ ದೊರೆಯುವಂತೆ ಮಾಡಿದ ಪುಣ್ಯಕಾರ್ಯವದು. ಇಂದಿನ ನಿಯಮದಂತೆ ಅದರಲ್ಲಿ ಕೊಬ್ಬು ಶೇ. 3, ಕೊಬ್ಬಲ್ಲದ ಘನಾಂಶ ಶೇ. 8.5 ಇರಬೇಕು. ಎಮ್ಮೆಯ ಹಾಲಿನಲ್ಲಿ ಆರೇಳರಷ್ಟಿದ್ದ ಕೊಬ್ಬು ಅರ್ಧಕ್ಕಿಳಿದರೂ, ಸಂದೇಹಕ್ಕೊಳಗಾದ ಪ್ರೋಟೀನು ಲೋಟದಲ್ಲಿ ಬಹುಪಾಲು ಹಾಗೆಯೇ ಉಳಿಯಿತಲ್ಲ! ತೂಕ ಇಳಿಸಬೇಕಾದವರಿಗೆ ತೆಳು ಹಾಲು ಬೇಕಾದೀತು. ಮೊಡವೆಗೆ ಮದ್ದೆಂದು ಅದನ್ನು ಕೊಳ್ಳುವುದಕ್ಕೆ ಆಧಾರವಿಲ್ಲ.

ಆಹಾರವನ್ನೂ ಮೊಡವೆಯನ್ನೂ ಕುರಿತ ಸಂಶೋಧನೆಗೆ ಒಂದು ವಿನೋದದ ಪೂರ್ವಕಥೆಯಿದೆ. 1969ರಲ್ಲಿ ಅಮೆರಿಕದಲ್ಲಿ 65 ಮಂದಿಗೆ ಚಾಕೊಲೇಟನ್ನೂ ಚಾಕೊಲೇಟಿಲ್ಲದ ಬೇರೊಂದು ಮಿಠಾಯಿಯನ್ನೂ ತಿನ್ನಿಸಿ, ಮೊಡವೆಯಲ್ಲಿ ವ್ಯತ್ಯಾಸ ಕಾಣದಿದ್ದುದರಿಂದ ಚಾಕೊಲೇಟು ನಿರ್ದೋಷಿಯೆಂದು ಸಾರಲಾಯಿತು. ಆ ಬೇರೆ ಮಿಠಾಯಿಯಲ್ಲಿಯೂ ಸಕ್ಕರೆ ಕೊಬ್ಬುಗಳು ಅಷ್ಟೇ ಇದ್ದವು! ಚಾಕೊಲೇಟು ತಯಾರಕರ ಸಂಘದ ನೆರವೂ ಆ ಪ್ರಯೋಗಕ್ಕಿತ್ತು. ಅದನ್ನು ನಂಬಿ ದಶಕಗಳ ಕಾಲ ವೈದ್ಯರು, ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲವೆಂದು ಹೇಳುತ್ತ ಬಂದರು. ಕೊನೆಗೆ 2007ರಲ್ಲಿ ಆಸ್ಟ್ರೇಲಿಯದಲ್ಲಿ 43 ತರುಣರನ್ನು ಎರಡು ಗುಂಪು ಮಾಡಿ, ಒಂದಕ್ಕೆ 12 ವಾರ ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸದ ಆಹಾರವನ್ನು ಕೊಟ್ಟು ನೋಡಿದಾಗ, ಆ ಗುಂಪಿನವರ ಮೊಡವೆಗಳು ಹೆಚ್ಚು ಕಡಿಮೆಯಾದವು. ಇದು ಪ್ರಯೋಗ, ಮೇಲೆ ಹೇಳಿದ ಹಾಲಿನ ಅಧ್ಯಯನಗಳು ಪ್ರಯೋಗಗಳಲ್ಲ, ಅವಲೋಕನಗಳು. ಆದ್ದರಿಂದ ಹಾಲಿಗಿಂತ ಸಕ್ಕರೆಯ ಮೇಲಿನ ಸಾಕ್ಷ್ಯ ಬಲವಾದುದು. ಕಬ್ಬಿನ ಸೀಮೆಯಲ್ಲಿ, ಕರದಂಟಿನ ಗೋಕಾಕಕ್ಕೆ ಇಷ್ಟು ಹತ್ತಿರದಲ್ಲಿ ನಿಂತು ಈ ಮಾತನ್ನಾಡುವುದು ಅಪ್ರಿಯವೇ ಸರಿ. ಆದರೆ ದಿನಕ್ಕೆ ನಾಲ್ಕು ಸಲ ಸಕ್ಕರೆ ಸುರಿದ ಚಹ ಕುಡಿದು, ರಾತ್ರಿಯ ಒಂದು ಲೋಟ ಹಾಲನ್ನು ಮೊಡವೆಗೆ ಹೊಣೆ ಮಾಡುವವರಿಗೆ ಬೇರೆ ಏನು ಹೇಳೋಣ?

ಇನ್ನು ಎಲುಬಿನ ಮಾತು. ಹದಿಮೂರರಿಂದ ಹದಿನೈದು ವಯಸ್ಸಿನವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ನಮ್ಮ ದೇಶದ 2020ರ ಪೋಷಣ ಪ್ರಮಾಣಗಳು ಹೇಳುತ್ತವೆ. ಹಳೆಯ ಮೈಸೂರಿನ ಹುಡುಗನೊಬ್ಬ ಹಾಲು ಬಿಟ್ಟರೂ ರಾಗಿಮುದ್ದೆ ಅವನನ್ನು ಕಾಯುತ್ತದೆ, ಏಕೆಂದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕುಲಗೋಡದ ಹುಡುಗನ ಊಟ ಜೋಳದ ರೊಟ್ಟಿ. ನೂರು ಗ್ರಾಂ ಜೋಳದಲ್ಲಿರುವುದು ಮೂವತ್ತಕ್ಕೂ ಕಡಿಮೆ. ಎಮ್ಮೆಯದಾಗಲಿ ಆಕಳದಾಗಲಿ, ನೂರು ಗ್ರಾಂ ಹಾಲಿನಲ್ಲಿ ಸುಮಾರು 120. ಎರಡು ಲೋಟದಲ್ಲಿ ದಿನದ ಅಗತ್ಯದ ಮೂರನೆಯ ಒಂದು ಪಾಲು ಬಂದಂತಾಯಿತು. ಮದುವೆಯಾಗಿ ಹೆರಿಗೆಯ ಭಾರವನ್ನೂ ಹೊರಬೇಕಾದ ಹುಡುಗಿ, ಎಲುಬು ಬಲಿಯುವ ಈ ನಾಲ್ಕಾರು ವರ್ಷಗಳಲ್ಲಿಯೇ ಮುಖದ ಚಿಂತೆಯಿಂದ ಹಾಲನ್ನು ಬಿಟ್ಟು ಬೇರೇನನ್ನೂ ಹಿಡಿಯದಿದ್ದರೆ ನಾವು ಸುಮ್ಮನಿರಲಾರೆವು. ಮನೆಯಲ್ಲಿ ಎಳ್ಳಿನ ಚಟ್ನಿ ಇದ್ದರೆ ಅದನ್ನಾದರೂ ಧಾರಾಳವಾಗಿ ಹಚ್ಚಿಕೊಂಡು ತಿನ್ನಲಿ. ಎಳ್ಳು ಕ್ಯಾಲ್ಸಿಯಮ್ಮಿನ ಗಣಿ.

ಅಷ್ಟಾಗಿಯೂ ತನ್ನ ಮೊಡವೆಗೆ ಹಾಲೇ ಕಾರಣವೆಂದು ಯಾರಿಗಾದರೂ ಬಲವಾಗಿ ಅನಿಸಿದರೆ ಪರೀಕ್ಷಿಸಿ ನೋಡುವುದಕ್ಕೆ ನಮ್ಮ ಅಡ್ಡಿಯಿಲ್ಲ. ಮಿಕ್ಕ ಊಟವನ್ನು ಬದಲಿಸದೆ, 12 ವಾರ ಹಾಲನ್ನು ಬಿಟ್ಟು, ವಾರಕ್ಕೊಮ್ಮೆ ಮೊಡವೆಗಳನ್ನು ಎಣಿಸಿ ಬರೆದಿಟ್ಟು, ಮತ್ತೆ ಹಾಲು ಹಿಡಿದು ಎಣಿಸಬೇಕು. ಮೊಡವೆಗಳು ತಾವಾಗಿಯೇ ಏರಿಳಿಯುವುದರಿಂದ ಒಂದೇ ಎಣಿಕೆಯನ್ನು ನಂಬಲಾಗದು. ಗಾಯದ ಗುರುತು ಉಳಿಸುವಂಥ ಮೊಡವೆಗಳಿದ್ದರೆ ಈ ಪರೀಕ್ಷೆಯಲ್ಲಿ ಕಾಲ ಕಳೆಯದೆ ಚರ್ಮವೈದ್ಯರನ್ನು ಕಾಣತಕ್ಕದ್ದು. ಗೆಳೆಯರು ಹೇಳಿದರೆಂದು ಅಂಗಡಿಯಿಂದ ತಂದು ಬಳಿಯುವ ಬೆಟಾಮೆಥಾಸೋನ್, ಕ್ಲೋಬೆಟಾಸೋಲ್ ಬೆರೆತ ಮುಲಾಮುಗಳು ಹಾಲಿಗಿಂತ ನೂರು ಪಾಲು ಅಪಾಯಕರ. ಅವು ಮೊದಲು ಮುಖವನ್ನು ತಿಳಿಯಾಗಿಸಿ, ಬರಬರುತ್ತ ಚರ್ಮವನ್ನು ತೆಳುವಾಗಿಸಿ, ಬಿಟ್ಟೊಡನೆ ಮೊಡವೆಯನ್ನು ಇಮ್ಮಡಿಯಾಗಿ ಎಬ್ಬಿಸಬಲ್ಲವು.

ಜೀರ್ಣಕ್ರಿಯೆಯ ವಿಷಯ ಇದಕ್ಕಿಂತ ಸ್ಪಷ್ಟವಾದುದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಸಣ್ಣ ಕರುಳಿನ ಲ್ಯಾಕ್ಟೇಸ್ ಎಂಬ ಕಿಣ್ವ ಒಡೆಯುತ್ತದೆ. ಮನುಷ್ಯರಲ್ಲಿ ಬಹುಮಂದಿಗೆ ಎಳವೆ ಕಳೆದ ಮೇಲೆ ಈ ಕಿಣ್ವ ಕಡಿಮೆಯಾಗುತ್ತದೆ; ಒಡೆಯದ ಲ್ಯಾಕ್ಟೋಸು ದೊಡ್ಡ ಕರುಳಿಗಿಳಿದು ಸೂಕ್ಷ್ಮಾಣುಗಳ ಪಾಲಾಗಿ, ಹೊಟ್ಟೆಯುಬ್ಬರ, ಗುಡುಗುಡು, ಭೇದಿಗಳುಂಟಾಗುತ್ತವೆ. ಕೆಲವರಲ್ಲಿ ಮಾತ್ರ ಒಂದು ಜೀನಿನ ಬದಲಾವಣೆಯಿಂದ ಕಿಣ್ವ ಜೀವನಪರ್ಯಂತ ಉಳಿಯುತ್ತದೆ. ಹೈದರಾಬಾದಿನ ಸಿ.ಸಿ.ಎಂ.ಬಿ.ಯ ವಿಜ್ಞಾನಿಗಳೂ ಸೇರಿ ಎರಡು ಸಾವಿರಕ್ಕೂ ಮಿಕ್ಕ ಭಾರತೀಯರನ್ನು ಪರೀಕ್ಷಿಸಿ ಪ್ರಕಟಿಸಿದ 2012ರ ಅಧ್ಯಯನದಂತೆ, ಈ ಬದಲಾವಣೆ ವಾಯವ್ಯ ಭಾರತದಲ್ಲಿ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ನೀಲಗಿರಿಯ ಎಮ್ಮೆಸಾಕಣೆಯ ತೋಡರು ಇದಕ್ಕೆ ಸೊಗಸಾದ ಅಪವಾದ.

ಲ್ಯಾಕ್ಟೋಸು ಎಮ್ಮೆಯ ಹಾಲಿನಲ್ಲಿಯೂ ಆಕಳ ಹಾಲಿನಲ್ಲಿಯೂ ನೂರಕ್ಕೆ ಐದರ ಆಸುಪಾಸು. ಆದ್ದರಿಂದ ಹಾಲಿನ ಸಕ್ಕರೆ ಒಗ್ಗದವನಿಗೆ ಎಮ್ಮೆಯನ್ನು ಬಿಟ್ಟು ಆಕಳನ್ನು ಹಿಡಿದು ಲಾಭವಿಲ್ಲ. ಎಮ್ಮೆಯ ಹಾಲು ಕುಡಿದಾಗಿನ ಜಡತೆ ಕೊಬ್ಬಿನದು; ಅದು ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಲಾಭವಿರುವುದು ಮೊಸರು ಮಜ್ಜಿಗೆಗಳಲ್ಲಿ. ಹೆಪ್ಪಿನ ಸೂಕ್ಷ್ಮಾಣುಗಳು ಲ್ಯಾಕ್ಟೋಸನ್ನು ಸ್ವಲ್ಪ ತಾವೇ ತಿಂದು, ಮಿಕ್ಕುದನ್ನು ಒಡೆಯುವ ಕಿಣ್ವವನ್ನೂ ಹೊತ್ತು ತರುತ್ತವೆ. ‘ಎ-2’ ಹಾಲೆಂದು ಹೆಚ್ಚಿನ ಬೆಲೆಗೆ ಮಾರುವ ಸೀಸೆಗಳ ಬಗೆಗೂ ಒಂದು ಮಾತು. ಎಮ್ಮೆಗಳ ಹಾಲು ಮೊದಲಿನಿಂದಲೂ ಎ-2. ನಮ್ಮ ದೇಶೀ ಆಕಳುಗಳದೂ ಬಹುತೇಕ ಹಾಗೆಯೇ. ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಆಗಸ್ಟಿನಲ್ಲಿ ಆ ಮುದ್ರೆಯನ್ನು ತೆಗೆಯುವಂತೆ ಹೇಳಿ, ವಾರ ಕಳೆಯುವುದರೊಳಗೆ ಆ ಸೂಚನೆಯನ್ನು ಹಿಂತೆಗೆದುಕೊಂಡಿತು. ಕುಲಗೋಡದ ಗೃಹಿಣಿ ಈ ಗೊಂದಲಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಅವಳ ಕೊಟ್ಟಿಗೆಯಲ್ಲಿಯೇ ಅದು ಅಗ್ಗವಾಗಿ ಕಟ್ಟಿದೆ.

2013ರ ಆಗಸ್ಟಿನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಸರಕಾರಿ ಶಾಲೆಯ ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ 150 ಮಿಲಿಲೀಟರು ಹಾಲು ಮಾಡಿ ಕೊಡಲಾಗುತ್ತದೆ. ಅದರಲ್ಲಿರುವ ಲ್ಯಾಕ್ಟೋಸು ಸುಮಾರು 7 ಗ್ರಾಂ. ಕಿಣ್ವ ಕಡಿಮೆಯಿರುವವರಲ್ಲಿಯೂ ಹೆಚ್ಚಿನವರು ಒಂದು ಹೊತ್ತಿಗೆ 12 ಗ್ರಾಮಿನಷ್ಟನ್ನು ತಾಳಬಲ್ಲರು. 1995ರಲ್ಲಿ ಅಮೆರಿಕದಲ್ಲಿ, ಹಾಲು ತಮಗೆ ಸ್ವಲ್ಪವೂ ಒಗ್ಗದೆಂದು ಸಾಧಿಸುತ್ತಿದ್ದ 30 ಮಂದಿಯನ್ನು ಪರೀಕ್ಷಿಸಿದಾಗ, ಅವರಲ್ಲಿ 9 ಮಂದಿ ಲ್ಯಾಕ್ಟೋಸನ್ನು ಸರಾಗವಾಗಿ ಅರಗಿಸಿಕೊಳ್ಳುವವರೇ ಆಗಿದ್ದರು. ಮಿಕ್ಕವರಿಗೂ ದಿನಕ್ಕೊಂದು ಲೋಟದಿಂದ ಗಣ್ಯವಾದ ತೊಂದರೆಯಾಗಲಿಲ್ಲ. ಹಾಗೆಂದು ಹೊಟ್ಟೆನೋವೆನ್ನುವ ಮಗುವನ್ನು ಸುಳ್ಳುಗಾರನೆಂದು ಗದರಿಸಿ ಕುಡಿಸುವುದು ಸಲ್ಲದು. ಬರಿಹೊಟ್ಟೆಯಲ್ಲಿ ಒಂದೇ ಗುಟುಕಿಗೆ ಕುಡಿದ ಹಾಲು ಕರುಳಿಗೆ ಬೇಗನೆ ಇಳಿಯುತ್ತದೆ, ಊಟದೊಡನೆ ಕುಡಿದದ್ದು ನಿಧಾನವಾಗಿ ಇಳಿಯುತ್ತದೆ. ಬೆಳಿಗ್ಗೆ ಅರ್ಧ ರೊಟ್ಟಿಯನ್ನಾದರೂ ತಿಂದು ಬಂದ ಮಗುವಿಗೆ, ನಿನ್ನೆ ಹೊಟ್ಟೆ ಗುಡುಗಿಸಿದ ಅದೇ ಲೋಟ ಇಂದು ಒಗ್ಗುವುದುಂಟು. ಒಗ್ಗದಿದ್ದರೆ, ಅದಕ್ಕೆ ಮಧ್ಯಾಹ್ನ ಮನೆಯ ಮಜ್ಜಿಗೆಯಿದೆ.